ಆಟಕ್ಕೆ ಬೆನ್ನು ಹಾಕಿ ನಿಲ್ಲುವ ಕೆಲಸ

ಹೋದ ಸಂಚಿಕೆಯಲ್ಲಿ ಯಾರದೋ ಪ್ರಶ್ನೆಗೆ ಉತ್ತರಿಸುತ್ತಾ, ನಾನು ಕ್ರೀಡಾ ವ್ಯವಹಾರದಲ್ಲಿ ಸ್ನಾತಕೋತ್ತರ ಪದವಿ ಓದಿದವಳು, ಹನ್ನೊಂದು ವರ್ಷ ಟಿಕೆಟ್ ಮತ್ತು ಪ್ರಾಯೋಜಕತ್ವದ ಕೆಲಸ ಮಾಡಿದವಳು ಎಂದು ಒಂದು ಸಾಲು ಬರೆದಿದ್ದೆ. ಬರೆದದ್ದು ಅಷ್ಟೇ. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅದೇ ಕೋರ್ಸಿನ ಹುಡುಗ ಹುಡುಗಿಯರದ್ದು. ಒಬ್ಬ ಅಪ್ಪನೂ ಬರೆದಿದ್ದಾರೆ. ಹಾಗಾಗಿ ಈ ಸಂಚಿಕೆ ಪೂರ್ತಿ ಅವರಿಗೇ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ, ಸರದಿ ಬರುತ್ತದೆ.

ಪ್ರಶ್ನೆ: ಮೇಡಂ, ನಾನು ಫುಟ್‌ಬಾಲ್ ಹುಚ್ಚ. ಅದಕ್ಕೇ ಈ ಕೋರ್ಸ್ ಸೇರಿದೆ. ನಾಲ್ಕು ತಿಂಗಳಾಯಿತು. ಬೆಳಗ್ಗೆ ಅಕೌಂಟಿಂಗ್, ಮಧ್ಯಾಹ್ನ ಒಪ್ಪಂದ ಕಾನೂನು, ಸಂಜೆ ಅಂಕಿಅಂಶ. ಇದುವರೆಗೆ ಒಂದು ಕ್ಲಾಸಿನಲ್ಲೂ ಯಾರೂ ಒಂದು ಗೋಲಿನ ಬಗ್ಗೆ ಮಾತಾಡಿಲ್ಲ. ತಪ್ಪು ಬಾಗಿಲು ತಟ್ಟಿದೆನಾ?
— ಮೊದಲ ಸೆಮಿಸ್ಟರ್ ವಿದ್ಯಾರ್ಥಿ

ಉತ್ತರ: ಬಾಗಿಲು ಸರಿಯಾಗೇ ಇದೆ. ಒಳಗೆ ಏನಿದೆ ಅಂತ ನಿಮಗೆ ಯಾರೂ ಮೊದಲೇ ಹೇಳಲಿಲ್ಲ, ಅಷ್ಟೇ.

ನನ್ನ ಮೊದಲ ಪಂದ್ಯದ ದಿನದ ಕಥೆ ಹೇಳುತ್ತೇನೆ. ಓದುತ್ತಿದ್ದಾಗಲೇ ಒಂದು ಕ್ಲಬ್ಬಿನಲ್ಲಿ ಇಂಟರ್ನ್ ಆಗಿ ಸೇರಿದ್ದೆ. ಮೈದಾನದ ಅಂಚಿನಲ್ಲೇ ಓಡಾಡುವ ಪಾಸ್ ಕೊರಳಿಗೆ ಬಿತ್ತು. ನಾನೋ ನೆಲದ ಮೇಲಿರಲಿಲ್ಲ. ಆಮೇಲೆ ಕೈಗೆ ಒಂದು ಕ್ಯಾಮೆರಾ ಕೊಟ್ಟರು, ಜೊತೆಗೆ ಎರಡು ಹಾಳೆಯ ಪಟ್ಟಿ. ಮೈದಾನದ ಸುತ್ತ ಇರುವ ಪ್ರತಿಯೊಂದು ಜಾಹೀರಾತು ಬೋರ್ಡಿನ ಫೋಟೋ ತೆಗೆಯಬೇಕು. ಬೋರ್ಡ್ ಪೂರ್ತಿ ಕಾಣಬೇಕು, ಹಿಂದೆ ಜನ ಕಾಣಬೇಕು, ದೀಪ ಹೊತ್ತಿರಬೇಕು. ಸೀಸನ್ ಮುಗಿದ ಮೇಲೆ ದುಡ್ಡು ಕೊಟ್ಟ ಕಂಪನಿಗೆ ‘ನೋಡಿ, ನಿಮ್ಮ ಹೆಸರು ಹೇಳಿದ ಜಾಗದಲ್ಲೇ ಇತ್ತು’ ಎಂದು ವರದಿ ಕಳಿಸುತ್ತಾರಲ್ಲ, ಅದಕ್ಕೆ.

ಬೋರ್ಡುಗಳು ಮೈದಾನದ ಕಡೆ ಮುಖ ಮಾಡಿರುತ್ತವೆ. ಅವುಗಳ ಫೋಟೋ ತೆಗೆಯಬೇಕಾದರೆ ನಾನು ಆಟಕ್ಕೆ ಬೆನ್ನು ಹಾಕಿ ನಿಲ್ಲಬೇಕು. ಹತ್ತೊಂಬತ್ತನೇ ಬೋರ್ಡಿಗೆ ಕ್ಯಾಮೆರಾ ಹಿಡಿದಿದ್ದೆ. ಕಣ್ಣಿನ ಮುಂದೆ ಇದ್ದ ಮುಖಗಳೆಲ್ಲ ಒಂದೇ ಸಲ ಬಾಯಿ ತೆರೆದವು, ಇಡೀ ಸಾಲು ಎದ್ದು ನಿಂತಿತು, ಆಮೇಲೆ ಸದ್ದು ಬಂದು ಬೆನ್ನಿಗೆ ಬಡಿಯಿತು. ಗೋಲು ಯಾರು ಹೊಡೆದರು ಅಂತ ಪಕ್ಕದ ಸೆಕ್ಯುರಿಟಿಯವನನ್ನು ಕೇಳಿದೆ. ಅವನೂ ಜನರ ಕಡೆ ಮುಖ ಮಾಡಿ ನಿಂತಿದ್ದವನು, ಅವನಿಗೂ ಗೊತ್ತಿಲ್ಲ! ಮರುದಿನ ನಮ್ಮ ಮೇಲಿನವರು ಅದೇ ಫೋಟೋ ಆರಿಸಿದರು. ಜನ ಎದ್ದು ನಿಂತಿದ್ದಾರೆ, ಬೋರ್ಡ್ ಚೆನ್ನಾಗಿ ಬಂದಿದೆ ಅಂತ.

ಈ ಓದು ಹುಟ್ಟಿದ್ದೂ ಹೀಗೇ. 1957ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ಬೇಸ್‌ಬಾಲ್ ತಂಡದ ಒಡೆಯ ವಾಲ್ಟರ್ ಓಮ್ಯಾಲಿ, ಜೇಮ್ಸ್ ಮೇಸನ್ ಎಂಬ ಪ್ರಾಧ್ಯಾಪಕರಿಗೆ ಒಂದು ಕಾಗದ ಬರೆದರು. ಸ್ಟೇಡಿಯಂ, ರೇಸ್ ಕೋರ್ಸ್, ಸ್ಕೀ ರೆಸಾರ್ಟ್ ಇಂಥದ್ದನ್ನೆಲ್ಲ ನಡೆಸುವುದಕ್ಕೆಂದೇ ಓದಿಕೊಂಡ ಮನುಷ್ಯ ಬೇಕಾದರೆ ಎಲ್ಲಿ ಹುಡುಕಬೇಕು ಎಂಬುದು ಕಾಗದದ ಸಾರ. ಚೆನ್ನಾಗಿ ಬ್ಯಾಟ್ ಬೀಸುವವರು ಅವರ ಬಳಿ ಬೇಕಾದಷ್ಟಿದ್ದರು. ಗೇಟು ತೆರೆಯುವವರು, ಲೆಕ್ಕ ಇಡುವವರು ಬೇಕಿತ್ತು. ಆ ಮಾತು ಬೆಳೆದು 1966ರಲ್ಲಿ ಅಮೆರಿಕದ ಓಹಾಯೊ ವಿಶ್ವವಿದ್ಯಾಲಯದಲ್ಲಿ ಈ ವಿಷಯದ ಮೊದಲ ಸ್ನಾತಕೋತ್ತರ ಕೋರ್ಸ್ ಶುರುವಾಯಿತು.

ಅಕೌಂಟಿಂಗ್ ಬೋರಾದಾಗ ಒಂದು ಕೆಲಸ ಮಾಡಿ. ನೀವು ನೋಡುವ ಆಟದ ಲೆಕ್ಕವನ್ನೇ ಎತ್ತಿಕೊಳ್ಳಿ. 2022ರಲ್ಲಿ ಐಪಿಎಲ್‌ನ ಐದು ವರ್ಷದ ಪ್ರಸಾರದ ಹಕ್ಕು 48,390 ಕೋಟಿ ರೂಪಾಯಿಗೆ ಹೋಯಿತು, 410 ಪಂದ್ಯಗಳಿಗೆ. ಭಾಗಿಸಿ ನೋಡಿ. ಪಂದ್ಯಕ್ಕೆ ಸುಮಾರು 118 ಕೋಟಿ. ಕೊಂಡವರು ಆ ದುಡ್ಡನ್ನು ಎಲ್ಲಿಂದ ಹುಟ್ಟಿಸುತ್ತಾರೆ? ಓವರ್‌ಗಳ ನಡುವೆ ಎಷ್ಟು ಸೆಕೆಂಡು ಜಾಹೀರಾತು ಬರುತ್ತದೆ? ಮಳೆ ಬಂದು ಪಂದ್ಯ ನಿಂತರೆ ಯಾರ ಜೇಬಿಗೆ ಕತ್ತರಿ? ನಿಮ್ಮ ಬೆಳಗ್ಗೆ, ಮಧ್ಯಾಹ್ನ, ಸಂಜೆ ಮೂರೂ ಕ್ಲಾಸು ಈ ಒಂದೇ ಲೆಕ್ಕದಲ್ಲಿ ಸಿಗುತ್ತವೆ.

ಪ್ರಶ್ನೆ: ಈ ಕೋರ್ಸ್ ಓದಿದರೆ ಫ್ರೀ ಟಿಕೆಟ್ ಸಿಗುತ್ತಂತೆ, ಹೌದಾ?
— ಸೇರಬೇಕೋ ಬೇಡವೋ ಅಂತ ಇರುವವನು

ಉತ್ತರ: ಸಿಗುತ್ತೆ. ನಿಮ್ಮ ಸೀಟು ಗೇಟಿನ ಹೊರಗೆ, ಸ್ಕ್ಯಾನ್ ಮಾಡುವ ಯಂತ್ರದ ಪಕ್ಕ. ಕುರ್ಚಿ ಇರುವುದಿಲ್ಲ.

ಪ್ರಶ್ನೆ: ಮೇಡಂ, ಐದು ಜನರ ಗುಂಪು ಮಾಡಿ ಒಂದು ಕಲ್ಪಿತ ಕ್ಲಬ್ಬಿಗೆ ಟಿಕೆಟ್ ದರ ನಿಗದಿ ಮಾಡಿ ಅಂದಿದ್ದಾರೆ. ಒಬ್ಬ ನಾಪತ್ತೆ. ಒಬ್ಬ ಯಾವ ಆಟಗಾರ ದೊಡ್ಡವನು ಅಂತ ವಾದ ಮಾಡುತ್ತಾನೆ. ಇನ್ನೊಬ್ಬಳು ಸ್ಲೈಡಿನ ಬಣ್ಣ ಬದಲಾಯಿಸುತ್ತಾ ಕೂರುತ್ತಾಳೆ. ಮಾಡುವವರು ನಾವಿಬ್ಬರೇ. ಒಂಬತ್ತು ದಿನ ಉಳಿದಿದೆ.
— ನಿದ್ದೆಗೆಟ್ಟವಳು

ಉತ್ತರ: ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತಂತೆ. ನಿಮ್ಮದು ಐದು ದಿಕ್ಕು, ಪಾಪ.

ಒಂದು ವಿಷಯ ಒಪ್ಪಿಕೊಂಡು ಬಿಡುತ್ತೇನೆ. ನಮ್ಮ ಗುಂಪಿನಲ್ಲಿ ಸ್ಲೈಡಿನ ಬಣ್ಣ ಬದಲಾಯಿಸುತ್ತಿದ್ದವಳು ನಾನೇ. ಸೋಮಾರಿ ಅಂತ ಅಲ್ಲ. ಎಕ್ಸೆಲ್ ಹಾಳೆ ಕಂಡರೆ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು, ಹೇಳೋಕೆ ನಾಚಿಕೆ. ಬಣ್ಣ ಬದಲಾಯಿಸುತ್ತಾ ಕೂತರೆ ಏನೋ ಮಾಡುತ್ತಿದ್ದಾಳೆ ಅಂತಾದರೂ ಕಾಣುತ್ತದಲ್ವಾ? ನಮ್ಮ ಗುಂಪಿನ ಹುಡುಗಿಯೊಬ್ಬಳು ಅದನ್ನು ಕಂಡುಹಿಡಿದಳು. ಬೈಯಲಿಲ್ಲ. ಸ್ಟೇಡಿಯಂ ಸೀಟುಗಳ ನಕ್ಷೆ ಪ್ರಿಂಟ್ ತೆಗೆದು ಕೈಗಿಟ್ಟಳು. ‘ಯಾವ ಸೀಟಿನಿಂದ ಕಂಬ ಅಡ್ಡ ಬರುತ್ತೆ, ಯಾವ ಸೀಟಿಗೆ ಮಧ್ಯಾಹ್ನ ಬಿಸಿಲು ಹೊಡೆಯುತ್ತೆ, ಯಾವುದು ಟಾಯ್ಲೆಟ್ಟಿಗೆ ಹತ್ತಿರ, ಪೆನ್ಸಿಲಲ್ಲಿ ಗುರುತು ಹಾಕು’ ಅಂದಳು. ನಿಜವಾದ ಸ್ಟೇಡಿಯಮ್ಮಿಗೇ ಹೋಗಿ ಎರಡು ದಿನ ಒಂದೊಂದೇ ಸೀಟಿನಲ್ಲಿ ಕೂತು ಎದ್ದೆ. ಒಂದೇ ದರದ ಬ್ಲಾಕಿನಲ್ಲಿ ಹದಿನಾಲ್ಕು ಸೀಟಿಗೆ ಗೋಲ್ ಪೋಸ್ಟೇ ಕಾಣುವುದಿಲ್ಲ ಅಂತ ಪತ್ತೆಯಾಯಿತು. ಆ ಹದಿನಾಲ್ಕು ಸೀಟಿನಿಂದ ನನ್ನ ಕಸುಬು ಶುರುವಾಯಿತು ಅನ್ನಿ.

ಹಾಗಾಗಿ ಆ ಬಣ್ಣದ ಹುಡುಗಿಗೆ ಒಂದು ಸಣ್ಣ, ಗಟ್ಟಿ ಕೆಲಸ ಕೊಡಿ. ವಾದ ಮಾಡುವವನಿಗೆ, ಎದುರಾಳಿ ತಂಡ ಯಾವುದು ಬಂದರೆ ಎಷ್ಟು ಜನ ಜಾಸ್ತಿ ಬರಬಹುದು ಅಂತ ಅಂದಾಜು ಹಾಕುವ ಕೆಲಸ ಕೊಡಿ. ಅವನ ಬಾಯಿಗೂ ಒಂದು ಉಪಯೋಗ ಆಗಲಿ. ನಾಪತ್ತೆಯಾದವನ ಹೆಸರು, ಅವನ ಪಾಲಿನ ಕೆಲಸ, ತಾರೀಖು, ಮೂರನ್ನೂ ಎಲ್ಲರೂ ನೋಡುವ ಹಾಳೆಯಲ್ಲಿ ಬರೆದಿಡಿ. ಮೇಷ್ಟ್ರಿಗೆ ಇವತ್ತೇ ಹೇಳಿ. ಅಂಕ ಬಂದ ಮೇಲೆ ಹೇಳಿದರೆ ಅದು ಚಾಡಿ ಆಗುತ್ತದೆ.

ಇನ್ನು ದರದ ವಿಷಯ. ಒಂಬತ್ತು ದಿನದಲ್ಲಿ ಇಡೀ ಸ್ಟೇಡಿಯಮ್ಮಿಗೆ ದರ ಕಟ್ಟಲು ಹೋಗಬೇಡಿ. ಪಂದ್ಯಕ್ಕೆ ತಕ್ಕಂತೆ, ದಿನಕ್ಕೆ ತಕ್ಕಂತೆ ಟಿಕೆಟ್ ದರ ಏರಿಳಿಸುವ ಪದ್ಧತಿಯನ್ನು ಬೇಸ್‌ಬಾಲ್‌ಗೆ ಮೊದಲು ತಂದ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡ ಕೂಡ 2009ರಲ್ಲಿ ಸುಮಾರು 2,000 ಸೀಟಿನ ಮೇಲೆ ಮಾತ್ರ ಪ್ರಯೋಗ ಮಾಡಿತು. ಸರಿ ಹೋಗುತ್ತೆ ಅನಿಸಿದ ಮೇಲೆ 2010ರಲ್ಲಿ ಇಡೀ ಮೈದಾನಕ್ಕೆ ಹಬ್ಬಿಸಿತು. ನೀವು ಒಂದೇ ಬ್ಲಾಕ್ ಹಿಡಿಯಿರಿ, ಆರು ಪಂದ್ಯ ಸಾಕು. ಉಳಿದದ್ದನ್ನು ‘ಹೀಗೇ ಮುಂದುವರಿಸಬಹುದು’ ಅಂತ ಒಂದು ಸ್ಲೈಡಿನಲ್ಲಿ ಮುಗಿಸಿ. ಅದರ ಬಣ್ಣ ಚೆನ್ನಾಗಿರಲಿ.

ಪ್ರಶ್ನೆ: ಮಾನ್ಯರೇ, ನನ್ನ ಮಗಳು ಬಿ.ಕಾಂ.ನಲ್ಲಿ ಒಳ್ಳೆಯ ಅಂಕ ತೆಗೆದವಳು. ಈಗ ಕ್ರೀಡಾ ವ್ಯವಹಾರ ಓದುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಆಟದಲ್ಲಿ ಆಟಗಾರನಿಗೆ ದುಡ್ಡಿದೆ, ಉಳಿದವರಿಗೆ ಏನಿದೆ? ಇದನ್ನು ಓದಿದವರಿಗೆ ಸಿಗುವ ಕೆಲಸವಾದರೂ ಏನು? ದಯವಿಟ್ಟು ಮುಚ್ಚುಮರೆ ಇಲ್ಲದೆ ತಿಳಿಸಿ.
— ಒಬ್ಬ ತಂದೆ

ಉತ್ತರ: ಮುಚ್ಚುಮರೆ ಇಲ್ಲದೆಯೇ ಹೇಳುತ್ತೇನೆ ಸರ್. ಮೊದಲ ಕೆಲಸ ಹೆಚ್ಚಾಗಿ ಫೋನಿನದ್ದು. ಟಿಕೆಟ್ ಮಾರುವುದು. ಸಂಬಳ ಬೇರೆ ಕ್ಷೇತ್ರದ ಇದೇ ಓದಿನವರಿಗಿಂತ ಕಡಿಮೆ ಇರಬಹುದು. ಕಾರಣ ಸರಳ, ಈ ಕೆಲಸಕ್ಕೆ ಬಾಗಿಲ ಹೊರಗೆ ಜನ ಜಾಸ್ತಿ ನಿಂತಿರುತ್ತಾರೆ. ಪಂದ್ಯ ಇರುವುದು ಬೇರೆಯವರಿಗೆ ರಜೆ ಇರುವ ದಿನ. ಹಾಗಾಗಿ ಮಗಳಿಗೆ ರಜೆ ಇರುವ ದಿನ ನಿಮಗೆ ರಜೆ ಇರುವುದಿಲ್ಲ.

ಇನ್ನು ನಾನು ಏನು ಮಾಡುತ್ತಿದ್ದೆ ಅಂತ ಹೇಳುತ್ತೇನೆ, ತೂಗಿ ನೋಡುವುದು ನಿಮಗೆ ಬಿಟ್ಟದ್ದು. ಕೋರ್ಸ್ ಮುಗಿದ ಮೇಲೆ ಒಂದು ತಂಡದ ಟಿಕೆಟ್ ವಿಭಾಗ ಸೇರಿದೆ. ದಿನಕ್ಕೆ ಎಂಬತ್ತು ಕರೆ. ಹಿಂದಿನ ವರ್ಷ ಸೀಸನ್ ಟಿಕೆಟ್ ಕೊಂಡು ಈ ವರ್ಷ ಕೊಳ್ಳದವರ ಪಟ್ಟಿ ನನ್ನದು. ಏನು ಮಾತಾಡಬೇಕು ಅಂತ ಬರೆದೂ ಕೊಟ್ಟಿದ್ದರು. ಅವರು ಬೇಡ ಅಂದರೆ ಶೇಕಡಾ ಹತ್ತು ರಿಯಾಯಿತಿ ಅನ್ನಬೇಕು. ಹಿರಿಯರೊಬ್ಬರು ಇಪ್ಪತ್ತೆರಡು ವರ್ಷದಿಂದ ಬರುತ್ತಿದ್ದವರು, ಬಿಟ್ಟಿದ್ದರು. ರಿಯಾಯಿತಿ ಅಂದೆ. ‘ದುಡ್ಡಿನ ಮಾತಲ್ಲಮ್ಮ’ ಅಂದರು. ‘ನನ್ನ ಸೀಟು ಮೂವತ್ತೆರಡನೇ ಸಾಲಿನಲ್ಲಿದೆ. ಹಿಡಿದುಕೊಳ್ಳೋಕೆ ಕಂಬಿ ಇಲ್ಲ. ಮಂಡಿ ಮಾತು ಕೇಳಲ್ಲ.’

ಅವರಿಗೆ ನಾಲ್ಕನೇ ಸಾಲಿನಲ್ಲಿ, ಇಳಿಜಾರು ದಾರಿಯ ಪಕ್ಕ ಸೀಟು ಹುಡುಕಿ ಕೊಟ್ಟೆ. ಅವರೂ ಬಂದರು, ಅವರ ತಮ್ಮನೂ ಟಿಕೆಟ್ ಕೊಂಡರು. ಆಮೇಲೆ ಕುತೂಹಲಕ್ಕೆ, ಬಿಟ್ಟುಹೋದವರ ಪಟ್ಟಿಯಲ್ಲಿ ಹದಿನೈದು ವರ್ಷಕ್ಕಿಂತ ಹಳಬರು ಯಾರು, ಅವರಲ್ಲಿ ಮೇಲಿನ ಸಾಲಿನವರು ಯಾರು ಅಂತ ಬೇರೆ ಮಾಡಿದೆ. ಅವತ್ತು ಎಕ್ಸೆಲ್ ಭಯ ಹೋಯಿತು. ಆ ಸಂಜೆ ಮಾಡಿದ ಕರೆಗಳಲ್ಲಿ ನಾನು ರಿಯಾಯಿತಿ ಅನ್ನುವ ಪದವನ್ನೇ ಬಳಸಲಿಲ್ಲ. ‘ನಿಮ್ಮ ಮಂಡಿ ಹೇಗಿದೆ ಸರ್?’ ಅಂತ ಶುರು ಮಾಡುತ್ತಿದ್ದೆ. ಪಕ್ಕದ ಮೇಜಿನವನು ನನ್ನನ್ನು ಡಾಕ್ಟರಮ್ಮ ಅಂತ ಕರೆಯೋಕೆ ಶುರು ಮಾಡಿದ.

ಅಲ್ಲಿಂದ ಮುಂದೆ ದಾರಿಗಳು ಒಡೆಯುತ್ತವೆ. ಪ್ರಾಯೋಜಕರನ್ನು ತರುವುದು, ಮೈದಾನ ನಡೆಸುವುದು, ಪ್ರಸಾರ, ಆಟಗಾರರ ಒಪ್ಪಂದ, ಕ್ರೀಡಾ ಒಕ್ಕೂಟಗಳ ಕಚೇರಿ, ದತ್ತಾಂಶ. ನಿಮ್ಮ ಮಗಳಿಗೆ ಬಿ.ಕಾಂ. ಬುನಾದಿ ಇದೆ, ಅದು ಕೈ ಹಿಡಿಯುತ್ತದೆ. ಮಾರ್ಕ್ ಮೆಕಾರ್ಮಾಕ್ ಎಂಬ ವಕೀಲರು 1960ರ ಹೊತ್ತಿಗೆ ಗಾಲ್ಫ್ ಆಟಗಾರ ಅರ್ನಾಲ್ಡ್ ಪಾಮರ್ ಅವರ ಕೈ ಕುಲುಕಿ, ‘ನಿಮ್ಮ ವ್ಯವಹಾರ ನಾನು ನೋಡಿಕೊಳ್ಳುತ್ತೇನೆ’ ಎಂದದ್ದರಿಂದ ಐಎಂಜಿ ಎಂಬ ದೊಡ್ಡ ಸಂಸ್ಥೆ ಬೆಳೆಯಿತು. ಕಾನೂನಿನ ಪುಸ್ತಕ ಹಿಡಿದು ಬಂದ ಮನುಷ್ಯ ಅವರು. ಒಂದು ಮಾತು ಮಾತ್ರ ಕಾಲೇಜು ಸೇರುವ ಮೊದಲೇ ಅಲ್ಲಿ ಕೇಳಿ ಸರ್: ಹೋದ ಎರಡು ಬ್ಯಾಚಿನವರು ಈಗ ಎಲ್ಲಿ, ಯಾವ ಹುದ್ದೆಯಲ್ಲಿದ್ದಾರೆ? ಗೋಡೆಯ ಮೇಲೆ ತೂಗುಹಾಕಿದ ಲೋಗೋಗಳ ಪಟ್ಟಿ ತೋರಿಸಿದರೆ ಸಾಲದು. ಇಬ್ಬರ ಜೊತೆ ಮಾತಾಡಿಸಿ ಅನ್ನಿ. ಮಾತಾಡಿಸಲು ಹಿಂದೆಮುಂದೆ ನೋಡುವ ಕಾಲೇಜಾದರೆ ನಿಮ್ಮ ಅನುಮಾನ ಸರಿ.

ಪ್ರಶ್ನೆ: ಇಂಟರ್ನ್‌ಶಿಪ್‌ಗೆ ಸಂಬಳ ಇಲ್ಲ. ಪಂದ್ಯದ ದಿನ ಹದಿನಾಲ್ಕು ಗಂಟೆ ದುಡಿಸುತ್ತಾರೆ. ಕೇಳಿದರೆ ‘ಆಟದ ಮೇಲೆ ಪ್ರೀತಿ ಇಲ್ವಾ?’ ಅಂತಾರೆ. ಬಿಟ್ಟುಬಿಡಲಾ ಅಕ್ಕಾ?
— ಕಾಲು ನೋವಿನ ತಮ್ಮ

ಉತ್ತರ: ತಮ್ಮಾ, ಅಕ್ಕ ಅಂದೆಯಲ್ಲ, ನಿನಗೆ ಏಕವಚನದಲ್ಲೇ ಹೇಳುತ್ತೇನೆ. ಪ್ರೀತಿಯ ಮಾತು ಎತ್ತಿ ದುಡಿಸುವವರಿಂದ ದೂರ ಇರು. ಪ್ರೀತಿ ಇದೆ ಅಂತ ಪ್ರಸಾರದ ಹಕ್ಕನ್ನು ಯಾರೂ ಬಿಟ್ಟಿ ಕೊಡುವುದಿಲ್ಲ.

ನಾನೂ ಹೀಗೆ ಸಿಕ್ಕಿಕೊಂಡಿದ್ದೆ. ಒಂದು ಅಂತರರಾಷ್ಟ್ರೀಯ ಟೂರ್ನಿಗೆ ನಮ್ಮ ಕ್ಲಾಸಿನಿಂದ ಹನ್ನೆರಡು ಜನ ಹೋದೆವು. ನನಗೆ ಕೊಟ್ಟ ಸಾಮಾನು ಒಂದು ಕಪ್ಪು ಟೇಪಿನ ಸುರುಳಿ, ಒಂದು ಕತ್ತರಿ. ಸ್ಟೇಡಿಯಂ ಒಳಗೆ ಪ್ರಾಯೋಜಕರಲ್ಲದ ಯಾವ ಕಂಪನಿಯ ಹೆಸರೂ ಕಾಣಬಾರದು. ಟಿವಿ, ಫ್ರಿಜ್ಜು, ಲಿಫ್ಟಿನ ಬಾಗಿಲು, ಕೊನೆಗೆ ಟಾಯ್ಲೆಟ್ಟಿನಲ್ಲಿ ಕೈ ಒಣಗಿಸುವ ಯಂತ್ರದ ಮೇಲಿನ ಹೆಸರಿಗೂ ಟೇಪು. ಒದ್ದೆ ಕೈ ತಾಗಿ ತಾಗಿ ಅದು ಮಧ್ಯಾಹ್ನಕ್ಕೆಲ್ಲ ಸುಲಿದು ಬರುತ್ತಿತ್ತು. ಮತ್ತೆ ಹಚ್ಚು. ಮೂರು ದಿನ ಗಂಡಸರ ಟಾಯ್ಲೆಟ್ಟಿನ ಮುಂದೆ ಟೇಪು ಹಿಡಿದು, ಒಳಗೆ ಯಾರೂ ಇಲ್ಲ ತಾನೆ ಅಂತ ಕೂಗುತ್ತಾ ನಿಂತಿದ್ದೇನೆ.

ಇದು ಹುಚ್ಚಾಟ ಅನಿಸುತ್ತೆ, ಆದರೆ ಹಿಂದೆ ಲೆಕ್ಕ ಇದೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನ ಸಾಲ ತೀರಿದ್ದು 2006ರಲ್ಲಿ, ಮೂವತ್ತು ವರ್ಷ ಬಿಟ್ಟು. ಆ ಸಾಲದ ಹೊರೆ ಕಂಡು ಒಲಿಂಪಿಕ್ಸ್ ನಡೆಸಲು ಊರುಗಳು ಹೆದರಿದ್ದವು. 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಒಲಿಂಪಿಕ್ಸ್ ಸಂಘಟನಾ ಸಮಿತಿಯ ಮುಖ್ಯಸ್ಥ ಪೀಟರ್ ಯುಬೆರಾತ್ ಅವರು ಪ್ರಾಯೋಜಕರ ಸಂಖ್ಯೆ ಕಡಿಮೆ ಮಾಡಿ, ಒಂದು ಬಗೆಯ ವ್ಯಾಪಾರಕ್ಕೆ ಒಬ್ಬನೇ ಪ್ರಾಯೋಜಕ ಎಂದರು. ಕೊಟ್ಟರೆ ದೊಡ್ಡ ಮೊತ್ತ ಕೊಡಿ, ನಿಮ್ಮ ಎದುರಾಳಿಯನ್ನು ಒಳಗೆ ಬಿಡುವುದಿಲ್ಲ ಅಂತ. ಆ ಒಲಿಂಪಿಕ್ಸ್ 20 ಕೋಟಿ ಡಾಲರಿಗಿಂತ ಜಾಸ್ತಿ ಉಳಿತಾಯ ತೋರಿಸಿತು. ಎದುರಾಳಿಯನ್ನು ಒಳಗೆ ಬಿಡುವುದಿಲ್ಲ ಎಂಬ ಆ ಮಾತನ್ನು ಕಾಯುವ ಕೆಲಸ ಕೊನೆಗೆ ಟೇಪು ಹಿಡಿದ ಇಂಟರ್ನ್ ತಲೆಗೆ ಬರುತ್ತದೆ. ಎದುರಾಳಿಗಳೂ ಸುಮ್ನೆ ಕೂರುವುದಿಲ್ಲ. 1996ರ ಕ್ರಿಕೆಟ್ ವಿಶ್ವಕಪ್‌ಗೆ ಕೋಕಾ ಕೋಲಾ ಅಧಿಕೃತ ಪಾನೀಯ. ಪೆಪ್ಸಿ ಹೊರಗೆ ನಿಂತು ‘ನಥಿಂಗ್ ಅಫಿಶಿಯಲ್ ಅಬೌಟ್ ಇಟ್’ ಅಂತ ಜಾಹೀರಾತು ಹಾಕಿತು. ದುಡ್ಡು ಒಬ್ಬರದ್ದು, ಜನರ ಬಾಯಲ್ಲಿ ನಲಿದದ್ದು ಇನ್ನೊಬ್ಬರ ಮಾತು.

ಇಷ್ಟೆಲ್ಲ ನನಗೆ ಆ ಟೇಪಿನಿಂದ ಅರ್ಥವಾಯಿತು, ನಿಜ. ಹಾಗಂತ ಆ ಸಂಘಟಕರು ಮಾಡಿದ್ದು ಸರಿ ಅಂತ ಅಲ್ಲ. ಬಸ್ ಖರ್ಚು ಕೊಡುತ್ತೇವೆ ಅಂದಿದ್ದರು, ಕೊಡಲಿಲ್ಲ. ಸರ್ಟಿಫಿಕೇಟಿನಲ್ಲಿ ನನ್ನ ಹೆಸರು ತಪ್ಪಾಗಿತ್ತು. ಅದನ್ನು ಸರಿಪಡಿಸಿ ಕಳಿಸಿ ಅಂತ ಬರೆದ ನಾಲ್ಕು ಇಮೇಲಿಗೂ ಉತ್ತರ ಇಲ್ಲ.

ನೀನು ಹೀಗೆ ಮಾಡು. ಇಂಟರ್ನ್‌ಶಿಪ್ ಎಷ್ಟು ವಾರ, ದಿನಕ್ಕೆ ಎಷ್ಟು ಗಂಟೆ, ಊಟ ಮತ್ತು ಓಡಾಟದ ಖರ್ಚು ಯಾರದ್ದು, ಕೊನೆಗೆ ಏನು ಬರೆದು ಕೊಡುತ್ತಾರೆ, ಇಷ್ಟನ್ನು ಇಮೇಲಿನಲ್ಲಿ ಕೇಳು. ಮಾತಲ್ಲಿ ಕೇಳಬೇಡ. ಜೊತೆಗೆ ಒಂದು ಡೈರಿ ಇಡು. ಇವತ್ತು ಹೊಸದಾಗಿ ಏನು ಕಲಿತೆ ಅಂತ ದಿನಕ್ಕೆ ಒಂದು ಸಾಲು. ಎರಡು ವಾರ ಸತತವಾಗಿ ಆ ಸಾಲು ಖಾಲಿ ಬಿದ್ದರೆ, ಕಾಲೇಜಿನ ಮೇಷ್ಟ್ರಿಗೆ ಹೇಳಿ ಬಿಟ್ಟುಬಿಡು. ಖಾಲಿ ಇಲ್ಲದಿದ್ದರೆ ಆ ಸಾಲುಗಳನ್ನೇ ಮುಂದಿನ ಸಂದರ್ಶನಕ್ಕೆ ತೆಗೆದುಕೊಂಡು ಹೋಗು. ಹಾಂ, ಶೂ ಬದಲಾಯಿಸು. ಪಂದ್ಯದ ದಿನ ಹೊಸ ಶೂ ಹಾಕಿಕೊಂಡು ಹೋಗುವ ತಪ್ಪನ್ನು ಎಲ್ಲರೂ ಒಂದು ಸಲ ಮಾಡುತ್ತಾರೆ.

ಪ್ರಶ್ನೆ: ನಾನು ಒಂಬತ್ತು ವರ್ಷ ಹಾಕಿ ಆಡಿದವನು. ಮಂಡಿಗೆ ಎರಡು ಆಪರೇಷನ್ ಆದ ಮೇಲೆ ಆಟ ನಿಂತಿತು. ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ ಇಪ್ಪತ್ತೆರಡರವರ ಜೊತೆ ಬೆಂಚಿನಲ್ಲಿ ಕೂತಿದ್ದೇನೆ. ಅವರು ಗ್ರಾಫು ಓದುವ ವೇಗಕ್ಕೆ ನನಗೆ ತಲೆ ತಿರುಗುತ್ತದೆ. ನನಗೆ ಇಲ್ಲಿ ಏನು ಕೆಲಸ?
— ಮಾಜಿ ಆಟಗಾರ

ಉತ್ತರ: ನಿಮ್ಮ ಕ್ಲಾಸಿನಲ್ಲಿ ಆಟಕ್ಕೆ ಮುಖ ಮಾಡಿ ನಿಂತು ಬಂದವರು ನೀವೊಬ್ಬರೇ ಇರಬೇಕು. ಅದು ಬಹಳ ದೊಡ್ಡದು. ಆದರೆ ಅದನ್ನು ಪ್ರತಿ ಚರ್ಚೆಯಲ್ಲೂ ‘ನಾವು ಆಡುವಾಗ…’ ಅಂತ ಶುರು ಮಾಡಿ ಖರ್ಚು ಮಾಡಿಬಿಡಬೇಡಿ. ನಮ್ಮ ಬ್ಯಾಚಿನಲ್ಲಿ ಒಬ್ಬರಿದ್ದರು, ಎರಡನೇ ತಿಂಗಳಿಗೆ ಅವರು ಬಾಯಿ ತೆರೆದರೆ ನಾವು ನೀರು ಕುಡಿಯೋಕೆ ಎದ್ದು ಹೋಗುತ್ತಿದ್ದೆವು.

ಒಪ್ಪಂದ ಕಾನೂನಿನ ಕ್ಲಾಸನ್ನು ಗಟ್ಟಿಯಾಗಿ ಹಿಡಿಯಿರಿ. ನೀವು ಸಹಿ ಹಾಕಿದ ಕಾಗದಗಳು ಇನ್ನೂ ಇದ್ದರೆ ಹುಡುಕಿ ತೆಗೆದು ಓದಿ. ಗಾಯವಾದರೆ ಎಷ್ಟು ತಿಂಗಳು ಸಂಬಳ, ಚಿಕಿತ್ಸೆ ಯಾರ ಖರ್ಚು ಎಂಬ ಷರತ್ತು ಅಲ್ಲಿ ಎಲ್ಲಿದೆ? ಇತ್ತಾ? ಅದನ್ನು ಓದದೆ ಸಹಿ ಹಾಕಿದ್ದಿರಿ ಅಲ್ವಾ? ಇಪ್ಪತ್ತೆರಡರವರಿಗೆ ಗ್ರಾಫು ಗೊತ್ತು, ಆ ಷರತ್ತು ಇಲ್ಲದಿದ್ದರೆ ರಾತ್ರಿ ಹೇಗಿರುತ್ತದೆ ಅಂತ ಗೊತ್ತಿಲ್ಲ.

ಜಾನ್ ಮಾರ್ಕ್ ಬೊಸ್ಮನ್ ಅವರ ಪ್ರಕರಣ ನಿಮಗೆ ಈಗಾಗಲೇ ಪಾಠ ಆಗಿರಬೇಕು. ಬೆಲ್ಜಿಯಂನ ಫುಟ್‌ಬಾಲ್ ಆಟಗಾರ. 1990ರಲ್ಲಿ ಒಪ್ಪಂದ ಮುಗಿದರೂ ಹಳೆ ಕ್ಲಬ್ಬು ವರ್ಗಾವಣೆಯ ದುಡ್ಡು ಬೇಕು ಅಂತ ಅವರನ್ನು ಫ್ರಾನ್ಸಿನ ಕ್ಲಬ್ಬಿಗೆ ಹೋಗಲು ಬಿಡಲಿಲ್ಲ. ಐದು ವರ್ಷ ಕೋರ್ಟು. 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ಒಪ್ಪಂದ ಮುಗಿದ ಆಟಗಾರ ಯುರೋಪಿನ ಒಕ್ಕೂಟದೊಳಗೆ ವರ್ಗಾವಣೆಯ ದುಡ್ಡಿಲ್ಲದೆ ಬೇರೆ ಕ್ಲಬ್ಬಿಗೆ ಹೋಗಬಹುದು ಅಂತಾಯಿತು. ಆಮೇಲೆ ಬಂದವರ ಸಂಬಳ ಆಕಾಶಕ್ಕೇರಿತು. ಬೊಸ್ಮನ್ ಅವರ ಆಟದ ವಯಸ್ಸು ಕೋರ್ಟಿನ ಮೆಟ್ಟಿಲ ಮೇಲೇ ಕಳೆದುಹೋಗಿತ್ತು. ಈ ಪ್ರಕರಣದ ಮೇಲೆ ಪ್ರೆಸೆಂಟೇಶನ್ ಬಂದರೆ ನೀವೇ ತೆಗೆದುಕೊಳ್ಳಿ. ಗ್ರಾಫು ಪಕ್ಕದವನಿಂದ ಕಲಿಯಿರಿ, ಬದಲಿಗೆ ಅವನಿಗೆ ಒಂದು ಒಪ್ಪಂದ ಓದಲು ಕಲಿಸಿ. ವಯಸ್ಸಿನ ಚಿಂತೆ ಬಿಡಿ, ಮಂಡಿಯ ಚಿಂತೆ ಮಾಡಿ. ಬೆಂಚಿನಲ್ಲಿ ಕಾಲು ಚಾಚಿ ಕೂರುವ ಜಾಗ ಹಿಡಿಯಿರಿ.

ಪ್ರಶ್ನೆ: ಮಹಿಳಾ ಫುಟ್‌ಬಾಲ್‌ನ ಪ್ರೇಕ್ಷಕರ ಮೇಲೆ ಪ್ರಬಂಧ ಬರೆಯುತ್ತೇನೆ ಅಂದೆ. ಗೈಡ್ ನಕ್ಕರು. ‘ಅದಕ್ಕೆ ಮಾರ್ಕೆಟ್ಟೇ ಇಲ್ಲಮ್ಮ, ಬೇರೆ ವಿಷಯ ನೋಡು’ ಅಂದರು. ಏನು ಉತ್ತರ ಕೊಡಲಿ ಮೇಡಂ?
— ಎರಡನೇ ವರ್ಷದವಳು

ಉತ್ತರ: ಉತ್ತರ ಕೊಡಬೇಡಿ, ಮೂರು ತಾರೀಖು ಕೊಡಿ.

1920ರ ಡಿಸೆಂಬರ್ 26. ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್. ಡಿಕ್ ಕೆರ್ ಲೇಡೀಸ್ ತಂಡದ ಪಂದ್ಯ. ಪ್ರೆಸ್ಟನ್ ಊರಿನ ಕಾರ್ಖಾನೆಯ ಹೆಣ್ಣುಮಕ್ಕಳು ಮೊದಲ ಮಹಾಯುದ್ಧದ ಕಾಲದಲ್ಲಿ ಕಟ್ಟಿಕೊಂಡ ತಂಡ ಅದು. ನೋಡಲು ಬಂದವರು ಸುಮಾರು 53,000. ಜಾಗ ಸಾಲದೆ ಸಾವಿರಾರು ಜನ ಗೇಟಿನ ಹೊರಗೇ ಉಳಿದರು.

ಎರಡನೆಯದು 1921ರ ಡಿಸೆಂಬರ್ 5. ಒಂದು ವರ್ಷವೂ ತುಂಬಿಲ್ಲ ನೋಡಿ. ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಶನ್, ಮಹಿಳಾ ಪಂದ್ಯಗಳಿಗೆ ನಿಮ್ಮ ಮೈದಾನ ಕೊಡಬೇಡಿ ಅಂತ ಕ್ಲಬ್ಬುಗಳಿಗೆ ಹೇಳಿತು. ಈ ಆಟ ಹೆಂಗಸರಿಗೆ ತಕ್ಕದ್ದಲ್ಲ ಅನ್ನುವುದು ಅವರ ಮಾತು. ಆ ನಿಷೇಧ ಹತ್ತಿರ ಹತ್ತಿರ ಐವತ್ತು ವರ್ಷ ನಡೆಯಿತು. ಅಂಗಡಿಗೆ ಬೀಗ ಹಾಕಿ, ಗಿರಾಕಿ ಬರುತ್ತಿಲ್ಲ ಅಂದ ಹಾಗೆ.

ಮೂರನೆಯದು 2022ರ ಮಾರ್ಚ್ 30. ಬಾರ್ಸಿಲೋನಾದ ಕ್ಯಾಂಪ್ ನೌ. ಬಾರ್ಸಿಲೋನಾ ಮತ್ತು ರಿಯಲ್ ಮ್ಯಾಡ್ರಿಡ್ ಮಹಿಳಾ ತಂಡಗಳ ಪಂದ್ಯಕ್ಕೆ 91,553 ಜನ. ಮುಂದಿನ ತಿಂಗಳು, ಏಪ್ರಿಲ್ 22ರಂದು, ಜರ್ಮನಿಯ ವೋಲ್ಫ್ಸ್‌ಬರ್ಗ್ ವಿರುದ್ಧದ ಪಂದ್ಯಕ್ಕೆ ಅದೇ ಮೈದಾನದಲ್ಲಿ 91,648.

ಈಗ ನಿಮ್ಮ ಗೈಡ್ ಪರವಾಗಿಯೂ ಒಂದು ಮಾತು. ಈ ದೊಡ್ಡ ಸಂಖ್ಯೆಗಳನ್ನು ಹಿಡಿದು ‘ಮಾರ್ಕೆಟ್ ಇದೆ’ ಅಂತ ಕೂಗಿದರೂ ಪ್ರಬಂಧ ಆಗುವುದಿಲ್ಲ. ಇವು ಅಪರೂಪದ ರಾತ್ರಿಗಳು. ಸಾಮಾನ್ಯ ವಾರದ ಲೀಗ್ ಪಂದ್ಯಕ್ಕೆ ಬರುವವರು ಇದರ ಸಣ್ಣ ಪಾಲು. ಆ ರಾತ್ರಿಗೂ ಆ ವಾರಕ್ಕೂ ನಡುವಿನ ಅಂತರ ಏಕೆ ಅನ್ನುವುದೇ ನಿಮ್ಮ ಪ್ರಶ್ನೆ ಆಗಲಿ. ಒಂದು ಲೀಗ್, ಒಂದು ಸೀಸನ್ ಆರಿಸಿಕೊಳ್ಳಿ. ಪಂದ್ಯ ಯಾವ ವಾರ, ಎಷ್ಟು ಗಂಟೆಗೆ, ದೊಡ್ಡ ಮೈದಾನದಲ್ಲೋ ಊರಾಚೆಯ ಸಣ್ಣದರಲ್ಲೋ, ಟಿವಿಯಲ್ಲಿ ಬಂತೋ ಇಲ್ಲವೋ, ಅದೇ ಹೊತ್ತಿಗೆ ಗಂಡಸರ ಪಂದ್ಯ ಇತ್ತೋ, ಇವನ್ನೆಲ್ಲ ಒಂದೊಂದು ಕಾಲಂ ಮಾಡಿ. ಜನರ ಸಂಖ್ಯೆಯಲ್ಲಿ ಒಂದು ಎಚ್ಚರ: ಮಾರಿದ ಮತ್ತು ಹಂಚಿದ ಟಿಕೆಟ್ ಬೇರೆ, ಗೇಟಿನಲ್ಲಿ ಸ್ಕ್ಯಾನ್ ಆದದ್ದು ಬೇರೆ. ಪ್ರಕಟವಾಗುವುದು ಎಷ್ಟೋ ಕಡೆ ಮೊದಲನೆಯದು. ಯಾವುದನ್ನು ಬಳಸಿದಿರಿ ಅಂತ ಬರೆಯಿರಿ. ನಾನು ಗೇಟಿನಲ್ಲಿ ನಿಂತವಳು, ಮಳೆ ಬಂದ ದಿನ ಈ ಎರಡು ಸಂಖ್ಯೆಗಳು ಒಂದನ್ನೊಂದು ಗುರುತೇ ಹಿಡಿಯುವುದಿಲ್ಲ.

ಗೈಡ್ ಇನ್ನೂ ನಗುತ್ತಿದ್ದರೆ ಬೇರೆ ಗೈಡ್ ಹುಡುಕಿ. ವಿಷಯ ಬದಲಾಯಿಸಬೇಡಿ.

ಪ್ರಶ್ನೆ: ಈ ಕೋರ್ಸ್ ಸೇರಿದ ಮೇಲೆ ನನಗೆ ಪಂದ್ಯ ನೋಡೋಕೇ ಆಗುತ್ತಿಲ್ಲ. ಕಣ್ಣು ಬರೀ ಬೋರ್ಡು, ಖಾಲಿ ಸೀಟು, ಜೆರ್ಸಿ ಮೇಲಿನ ಹೆಸರಿನ ಕಡೆ ಹೋಗುತ್ತದೆ. ಮನೆಯವರ ಜೊತೆ ಟಿವಿ ನೋಡುವಾಗ ಜಾಹೀರಾತು ಬಂದರೆ ಸೌಂಡ್ ಜಾಸ್ತಿ ಮಾಡಿ ಅಂತೀನಿ, ಎಲ್ಲರೂ ಬೈಯುತ್ತಾರೆ. ಇದು ವಾಸಿಯಾಗುತ್ತಾ?
— ರೋಗಿ

ಉತ್ತರ: ಹೋದ ತಿಂಗಳು ಅಕ್ಕನ ಮಗಳನ್ನು ಕರೆದುಕೊಂಡು ಒಂದು ಪಂದ್ಯಕ್ಕೆ ಹೋಗಿದ್ದೆ. ಕೆಲಸ ಬಿಟ್ಟು ಮೂರು ವರ್ಷವಾಯಿತು, ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡು, ಎಲ್ಲರ ಹಾಗೆ ಕೂತಿದ್ದೆ. ಅವಳಿಗೆ ಏಳು ವರ್ಷ. ಎದುರು ಸ್ಟ್ಯಾಂಡಿನ ಮೇಲಿನ ಬ್ಲಾಕಿನಲ್ಲಿ ಅರ್ಧ ಸೀಟು ಖಾಲಿ ಇದ್ದವು. ಮಾರಿದ್ದು ಬರಲಿಲ್ಲವೋ, ಮಾರಿಯೇ ಇಲ್ಲವೋ ಅಂತ ಯೋಚಿಸುತ್ತಾ ಸಾಲು ಎಣಿಸುತ್ತಿದ್ದೆ. ಹದಿನೇಳನೇ ಸಾಲಿಗೆ ಬಂದಿದ್ದೆ. ಅವಳು ಎರಡೂ ಕೈಯಲ್ಲಿ ನನ್ನ ಗಲ್ಲ ಹಿಡಿದು ಮುಖ ತಿರುಗಿಸಿದಳು.

‘ಚಿಕ್ಕಮ್ಮಾ, ಬಾಲ್ ಅಲ್ಲಿದೆ.’